ಯಂತ್ರಗಳು ಆರು, ಕೈಗಳು ಎಷ್ಟು: ತಾಲ್ಲೂಕು ಆಸ್ಪತ್ರೆಯೊಂದರ ಡಯಾಲಿಸಿಸ್ ಸೇವೆಯನ್ನು ಕಂಡಂತೆ

ನನ್ನ ಪತ್ನಿಗೆ 2023ರ ಬೇಸಿಗೆಯಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್, ಅಂದರೆ ಸೋತ ಮೂತ್ರಪಿಂಡದ ಬದಲು ಯಂತ್ರದಿಂದ ರಕ್ತವನ್ನು ಸೋಸಿ ಹೆಚ್ಚಿನ ನೀರನ್ನು ತೆಗೆಯುವ ಚಿಕಿತ್ಸೆ, ನಡೆಯುತ್ತಿದೆ. ಮೊದಲ ಎರಡು ತಿಂಗಳು ಜಿಲ್ಲಾ ಕೇಂದ್ರದ ಖಾಸಗಿ ಆಸ್ಪತ್ರೆಯೊಂದಕ್ಕೆ ಹೋಗುತ್ತಿದ್ದೆವು. ಪ್ರತಿ ಸಲ ಎರಡು ಸಾವಿರ ರೂಪಾಯಿಗೆ ಕಡಿಮೆಯಿಲ್ಲದ ಬಿಲ್ಲು, ಅದರ ಮೇಲೆ ಹೋಗಿ ಬರುವ ನೂರಿಪ್ಪತ್ತು ಕಿಲೋಮೀಟರ್ ದಾರಿ. ಆ ಬಳಿಕ ನಮ್ಮ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯ ಡಯಾಲಿಸಿಸ್ ಘಟಕದಲ್ಲಿ ಸೋಮವಾರ, ಬುಧವಾರ, ಶುಕ್ರವಾರಗಳ ಮೊದಲ ಪಾಳಿಯಲ್ಲಿ ಒಂದು ಜಾಗ ತೆರವಾಗಿ ನಮಗೆ ಸಿಕ್ಕಿತು. ಅಂದಿನಿಂದ ಆ ಘಟಕದ ಹೊರಗಿನ ಬೆಂಚಿನ ಮೇಲೆ ಕುಳಿತು, ಕೆಲವೊಮ್ಮೆ ಒಳಗೆ ನಿಂತು ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ತಮ್ಮವರನ್ನು ಇಂಥ ಘಟಕಕ್ಕೆ ಸೇರಿಸಬೇಕೇ ಬೇಡವೇ ಎಂದು ಯೋಚಿಸುತ್ತಿರುವ ಕುಟುಂಬಗಳಿಗೂ, ಇಂಥ ಘಟಕಗಳನ್ನು ನಡೆಸುವ ಹೊಣೆ ಹೊತ್ತವರಿಗೂ ಇದು ಉಪಯೋಗಕ್ಕೆ ಬರಲಿ ಎಂಬುದು ನನ್ನ ಆಸೆ. ಊರಿನ, ಆಸ್ಪತ್ರೆಯ, ಅಲ್ಲಿನ ಯಾರ ಹೆಸರನ್ನೂ ಬರೆಯುವುದಿಲ್ಲ. ನಾನು ಹೇಳಹೊರಟಿರುವ ಕೊರತೆಗೆ ಅಲ್ಲಿ ದುಡಿಯುತ್ತಿರುವವರು ಕಾರಣರಲ್ಲ. ಅದರ ಭಾರವನ್ನು ದಿನವೂ ಹೊರುತ್ತಿರುವವರು ಅವರೇ.

ಘಟಕದ ಹೊರರೂಪದ ಬಗ್ಗೆ ದೂರುವಂಥದ್ದು ಹೆಚ್ಚಿಲ್ಲ. ನೆಲಮಹಡಿಯಲ್ಲೇ ಇದೆ, ಗಾಲಿಕುರ್ಚಿ ಬಾಗಿಲವರೆಗೂ ಹೋಗುತ್ತದೆ, ಕೋಣೆಯನ್ನು ದಿನಕ್ಕೆ ಮೂರು ಸಲ ಒರೆಸುತ್ತಾರೆ. ಆರು ಯಂತ್ರಗಳಿವೆ, ಅದರಲ್ಲಿ ಒಂದನ್ನು ರಕ್ತದಿಂದ ಹರಡುವ ಹೆಪಟೈಟಿಸ್ ಬಿ ಸೋಂಕಿರುವವರಿಗೆಂದು ಪ್ರತ್ಯೇಕ ಕೋಣೆಯಲ್ಲಿ ಇರಿಸಿದ್ದಾರೆ. ನಮ್ಮದು ಕೊಳವೆಬಾವಿಯ ಗಡುಸು ನೀರಿನ ಊರಾದ್ದರಿಂದ ನೀರನ್ನು ಶುದ್ಧೀಕರಿಸುವ ಆರ್‌ಒ ಘಟಕದ ನಿರ್ವಹಣೆಯ ಬಗ್ಗೆ ನನಗೆ ಮೊದಲು ಅನುಮಾನವಿತ್ತು. ಒಬ್ಬ ರೋಗಿಯ ನಾಲ್ಕು ಗಂಟೆಯ ಡಯಾಲಿಸಿಸ್‌ಗೆ ಆ ನೀರಿನಿಂದಲೇ ತಯಾರಾದ ಸುಮಾರು 120 ಲೀಟರ್ ಶುದ್ಧ ದ್ರಾವಣ ಹರಿಯುತ್ತದೆ ಎಂದು ತಿಳಿದ ಮೇಲೆ ಆ ಅನುಮಾನ ಇನ್ನೂ ಹೆಚ್ಚಿತ್ತು. ಆದರೆ ಪ್ರತಿ ಬೆಳಿಗ್ಗೆ ನೀರಿನ ಪರೀಕ್ಷೆ ಮಾಡಿ ಪುಸ್ತಕದಲ್ಲಿ ಬರೆಯುವುದನ್ನು ನಾನೇ ನೋಡಿದ್ದೇನೆ. ಚಿಕಿತ್ಸೆಗೆ ಒಂದು ರೂಪಾಯಿಯನ್ನೂ ಕೇಳಿಲ್ಲ. ಕೇಂದ್ರ ಸರ್ಕಾರವು 2016–17ರ ಬಜೆಟ್‌ನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವನ್ನು ಘೋಷಿಸಿದ ಮೇಲೆ ಬಡವರಿಗೆ ಈ ಸೇವೆ ಉಚಿತವಾಗಿ ಸಿಗುವ ದಾರಿ ತೆರೆಯಿತು. ಅದಕ್ಕೆ ಮೊದಲು ನಮ್ಮ ಸುತ್ತಮುತ್ತಲ ಹಳ್ಳಿಗಳಲ್ಲಿ ಮೂತ್ರಪಿಂಡ ಕೈಕೊಟ್ಟವರು ಹೊಲ ಮಾರಿ ಕೆಲವು ತಿಂಗಳು ಬದುಕಿ ಹೋಗುತ್ತಿದ್ದುದನ್ನು ಕಂಡವನಾಗಿ, ಈ ಬದಲಾವಣೆಯನ್ನು ನಾನು ಸಣ್ಣದೆಂದು ಎಣಿಸಲಾರೆ.

ಅಲ್ಲಿನ ತಂತ್ರಜ್ಞರ ಕೈಗುಣವನ್ನೂ ಹೇಳಲೇಬೇಕು. ಖಾಸಗಿ ಆಸ್ಪತ್ರೆಯಲ್ಲಿ ನನ್ನ ಪತ್ನಿಯ ಎಡಗೈಯ ಫಿಸ್ಟುಲಾಕ್ಕೆ (ಡಯಾಲಿಸಿಸ್‌ನ ಸೂಜಿಗಾಗಿ ಶಸ್ತ್ರಚಿಕಿತ್ಸೆಯಿಂದ ಎರಡು ರಕ್ತನಾಳಗಳನ್ನು ಜೋಡಿಸಿದ ಜಾಗಕ್ಕೆ) ಸೂಜಿ ಹಾಕುವಾಗ ಎರಡು ಸಲ ನರ ತಪ್ಪಿ ಮೊಣಕೈವರೆಗೂ ಕಪ್ಪಗೆ ಬಾತುಕೊಂಡಿತ್ತು. ಇಲ್ಲಿ ಮೊದಲ ದಿನ ಸೂಜಿ ಹಾಕಿದ ಯುವತಿ, ಡಯಾಲಿಸಿಸ್ ತಂತ್ರಜ್ಞಾನದಲ್ಲಿ ಡಿಪ್ಲೊಮಾ ಮುಗಿಸಿ ನಾಲ್ಕು ವರ್ಷ ಕೆಲಸ ಮಾಡಿದವರು, ಬೆರಳುಗಳನ್ನು ಫಿಸ್ಟುಲಾದ ಮೇಲಿಟ್ಟು ಅದರ ಮಿಡಿತವನ್ನು ಒಂದು ನಿಮಿಷದವರೆಗೆ ಅರಿತುಕೊಂಡರು. ಆಮೇಲೆ, ಹಿಂದಿನ ಸಲ ಎಲ್ಲಿ ಚುಚ್ಚಿದ್ದರು, ಎಲ್ಲಿ ನೋವಿದೆ ಎಂದು ಕೇಳಿ, ಎರಡೂ ಸೂಜಿಗಳನ್ನು ಒಂದೇ ಯತ್ನದಲ್ಲಿ ಕೂರಿಸಿದರು. ಆ ಒಂದು ನಿಮಿಷ ಬೆರಳಿಟ್ಟು ನಿಲ್ಲುವ ವ್ಯವಧಾನ ಅವರಿಗೆ ಯಾವ ದಿನ ಇರುತ್ತದೆ, ಯಾವ ದಿನ ಇರುವುದಿಲ್ಲ ಎಂಬುದೇ ಈ ಬರಹದ ವಿಷಯ.

ನಾನು ರಸ್ತೆ ಸಾರಿಗೆ ನಿಗಮದ ಡಿಪೋಗಳಲ್ಲಿ ಸಂಚಾರ ನಿಯಂತ್ರಕನಾಗಿ ಬಹುಕಾಲ ಕೆಲಸ ಮಾಡಿ ನಿವೃತ್ತನಾದವನು. ಯಾವ ಶೆಡ್ಯೂಲಿಗೆ ಯಾವ ಚಾಲಕ, ಯಾವ ನಿರ್ವಾಹಕ, ಯಾರಿಗೆ ವಾರದ ರಜೆ, ಯಾರು ಬದಲಿ ಎಂಬ ಪಟ್ಟಿಯನ್ನು ಬರೆಯುತ್ತಲೇ ಕೂದಲು ನೆರೆಯಿತು. ಆದ್ದರಿಂದ ಘಟಕಕ್ಕೆ ಹೋದ ಮೊದಲ ವಾರದಲ್ಲೇ ಗೋಡೆಗೆ ಅಂಟಿಸಿದ್ದ ಡ್ಯೂಟಿ ಚಾರ್ಟಿನ ಮೇಲೆ ನನ್ನ ಕಣ್ಣು ಬಿತ್ತು. ಆರು ಯಂತ್ರ, ದಿನಕ್ಕೆ ಮೂರು ಪಾಳಿ, ಭಾನುವಾರ ಬಿಟ್ಟು ಆರು ದಿನ. ತಂತ್ರಜ್ಞರು ಮೂವರು. ಆಸ್ಪತ್ರೆಯಿಂದ ನಿಯೋಜಿಸಿದ ಶುಶ್ರೂಷಾಧಿಕಾರಿಗಳು ಇಬ್ಬರು. ಅವರನ್ನು ಹೆರಿಗೆ ವಾರ್ಡಿನಲ್ಲಿ ಸಿಬ್ಬಂದಿ ಕಡಿಮೆಯಾದಾಗ ಅಲ್ಲಿಗೂ ಕಳಿಸುತ್ತಿದ್ದರು. ಗ್ರೂಪ್ ಡಿ ನೌಕರ ಒಬ್ಬರು. ವೈದ್ಯರು ಆಸ್ಪತ್ರೆಯವರೇ, ಕರೆದರೆ ಬರುತ್ತಾರೆ. ಮೂತ್ರಪಿಂಡ ತಜ್ಞರನ್ನು ಕಾಣಬೇಕಾದರೆ ಜಿಲ್ಲಾ ಕೇಂದ್ರಕ್ಕೇ ಹೋಗಬೇಕು. ಚಾರ್ಟು ನೋಡಿದ ಕೂಡಲೇ ನನಗೆ ಅನ್ನಿಸಿದ್ದು ಇಷ್ಟು: ಈ ಪಟ್ಟಿಯಲ್ಲಿ ಬದಲಿ ಇಲ್ಲ.

ಸಿಬ್ಬಂದಿ ಕಡಿಮೆಯಾದರೆ ಬಸ್ಸು ಡಿಪೋದಲ್ಲೇ ನಿಲ್ಲುತ್ತದೆ, ನಿಲ್ದಾಣದಲ್ಲಿ ಜನ ಕೂಗಾಡುತ್ತಾರೆ, ವಿಷಯ ಎಲ್ಲರಿಗೂ ಗೊತ್ತಾಗುತ್ತದೆ. ಡಯಾಲಿಸಿಸ್ ಘಟಕದಲ್ಲಿ ಹಾಗೆ ಆಗುವುದಿಲ್ಲ. ಯಂತ್ರಗಳು ಆರೂ ಓಡುತ್ತಿರುತ್ತವೆ, ಬಂದ ರೋಗಿಗಳೆಲ್ಲ ಹಾಸಿಗೆಯ ಮೇಲೆ ಇರುತ್ತಾರೆ, ತಿಂಗಳ ವರದಿಯಲ್ಲಿ ಡಯಾಲಿಸಿಸ್‌ಗಳ ಸಂಖ್ಯೆ ಒಂದೂ ಕಡಿಮೆಯಾಗಿರುವುದಿಲ್ಲ. ಕೊರತೆ ಅಡಗಿ ಕುಳಿತಿರುವುದು ಗಡಿಯಾರದಲ್ಲಿ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಒಳಗೆ ಮಲಗಿದವರಿಗೂ ಹೊರಗೆ ಕುಳಿತವರಿಗೂ ಇದು ಬಹುಕಾಲ ತಿಳಿಯುವುದೇ ಇಲ್ಲ.

ಒಬ್ಬ ರೋಗಿಯನ್ನು ಯಂತ್ರಕ್ಕೆ ಜೋಡಿಸುವ ಮೊದಲು ತೂಕ ನೋಡಬೇಕು, ರಕ್ತದೊತ್ತಡ ನೋಡಬೇಕು, ಹಿಂದಿನ ಸಲದಿಂದ ಎಷ್ಟು ನೀರು ಏರಿದೆ ಎಂದು ಲೆಕ್ಕ ಹಾಕಿ ಎಷ್ಟು ತೆಗೆಯಬೇಕೆಂದು ಯಂತ್ರಕ್ಕೆ ಹೇಳಬೇಕು, ಕೈ ತೊಳೆಸಬೇಕು, ಎರಡು ಸೂಜಿ ಹಾಕಿ ಭದ್ರವಾಗಿ ಅಂಟಿಸಬೇಕು, ಕೊಳವೆಗಳಲ್ಲಿ ಗಾಳಿ ಇಲ್ಲವೆಂದು ಖಚಿತ ಮಾಡಿಕೊಂಡು ಪಂಪನ್ನು ನಿಧಾನವಾಗಿ ಆರಂಭಿಸಬೇಕು. ಅವಸರ ಮಾಡದೆ ಮಾಡಿದರೆ ಹದಿನೈದರಿಂದ ಇಪ್ಪತ್ತು ನಿಮಿಷದ ಕೆಲಸ. ಇಬ್ಬರು ತಂತ್ರಜ್ಞರಿದ್ದರೆ ಒಬ್ಬೊಬ್ಬರಿಗೆ ಮೂರು ರೋಗಿಗಳು. ಆರೂವರೆಗೆ ಆರಂಭಿಸಿದರೆ ಏಳೂಕಾಲರ ಹೊತ್ತಿಗೆ ಆರೂ ಜನರ ರಕ್ತ ಯಂತ್ರದಲ್ಲಿ ಹರಿಯುತ್ತಿರುತ್ತದೆ. ಒಬ್ಬರೇ ಇದ್ದರೆ ಆರನೆಯವರ ಸರದಿ ಬರುವಾಗ ಎಂಟು ದಾಟಿ ಹತ್ತು ನಿಮಿಷ. ಆ ಆರನೆಯವರಿಗೆ ನಾಲ್ಕು ಗಂಟೆ ತುಂಬಬೇಕಾದರೆ ಹನ್ನೆರಡೂ ಹತ್ತು ಆಗಬೇಕು. ಆದರೆ ಎರಡನೇ ಪಾಳಿಯವರು ಹಳ್ಳಿಯ ಬಸ್ಸು ಹಿಡಿದು ಬಂದು ಹನ್ನೊಂದಕ್ಕೇ ಬಾಗಿಲಲ್ಲಿ ನಿಂತಿರುತ್ತಾರೆ, ಅವರಿಗಿಂತ ಮುಂಚೆ ಯಂತ್ರವನ್ನು ಸೋಂಕುನಿವಾರಕದಿಂದ ತೊಳೆಯಬೇಕಿರುತ್ತದೆ, ಮತ್ತು ಆ ಪಾಳಿಯ ತಡ ಮೂರನೇ ಪಾಳಿಗೆ ಸಾಗಿ ರಾತ್ರಿಯ ಕೊನೆಯ ಬಸ್ಸನ್ನು ತಪ್ಪಿಸುತ್ತದೆ. ಹಾಗಾಗಿ ಹನ್ನೊಂದೂಕಾಲು ದಾಟಿ ಹತ್ತು ನಿಮಿಷಕ್ಕೆ ಕೊನೆಯವರನ್ನೂ ಬಿಡಿಸುತ್ತಾರೆ. ಅವರಿಗೆ ಸಿಕ್ಕಿದ್ದು ಮೂರೂಕಾಲು ಗಂಟೆ.

ನಾನು ನೋಟ್‌ಬುಕ್ಕಿನಲ್ಲಿ ಪ್ರತಿ ಸಲದ ಆರಂಭ ಮತ್ತು ಮುಕ್ತಾಯದ ವೇಳೆಯನ್ನು ಬರೆದಿಟ್ಟಿದ್ದೇನೆ. 2023ರ ನವೆಂಬರಿನಲ್ಲಿ ನನ್ನ ಪತ್ನಿಗೆ ಹದಿಮೂರು ಡಯಾಲಿಸಿಸ್ ಆದವು. ಅದರಲ್ಲಿ ಐದು ಸಲ ನಾಲ್ಕು ಗಂಟೆ ತುಂಬಲಿಲ್ಲ. ಐದೂ ದಿನ ಪಾಳಿಯಲ್ಲಿ ಇದ್ದದ್ದು ಒಬ್ಬರೇ ತಂತ್ರಜ್ಞರು. ದೀಪಾವಳಿ ವಾರದ ಸೋಮವಾರ ಅವಳಿಗೆ ಏರಿದ್ದ ನೀರಿನ ತೂಕ 2.4 ಕಿಲೋ. ಅವಳ ಡ್ರೈ ವೇಟ್, ಅಂದರೆ ಹೆಚ್ಚಿನ ನೀರೆಲ್ಲ ಹೋದ ಮೇಲೆ ಉಳಿಯಬೇಕಾದ ತೂಕ, 50 ಕಿಲೋ. ನಾಲ್ಕು ಗಂಟೆಯಲ್ಲಿ ತೆಗೆದಿದ್ದರೆ ಗಂಟೆಗೆ 600 ಮಿಲಿಲೀಟರ್, ಅಂದರೆ ದೇಹತೂಕದ ಪ್ರತಿ ಕಿಲೋಗೆ 12. ಮೂರೂಕಾಲು ಗಂಟೆಯಲ್ಲಿ ತೆಗೆದದ್ದರಿಂದ ಅದು ಗಂಟೆಗೆ ಸುಮಾರು 740ಕ್ಕೆ ಏರಿ, ಪ್ರತಿ ಕಿಲೋಗೆ 15ರ ಹತ್ತಿರ ಬಂತು. ಗಂಟೆಗೆ ಪ್ರತಿ ಕಿಲೋಗೆ 13 ಮಿಲಿಲೀಟರ್ ಮೀರದಂತೆ ನೋಡಿಕೊಳ್ಳುವುದು ಒಳ್ಳೆಯದೆಂದು ತಜ್ಞರು ಹೇಳುತ್ತಾರೆ. ಅದಕ್ಕಿಂತ ವೇಗವಾಗಿ ನೀರೆಳೆದರೆ ರಕ್ತದೊತ್ತಡ ಕುಸಿಯುತ್ತದೆ, ಹೃದಯಕ್ಕೆ ಪೆಟ್ಟು. ಅಂದು ಅವಳ ರಕ್ತದೊತ್ತಡ ಬಿತ್ತು, ಮೀನಖಂಡಗಳು ಕಲ್ಲಿನಂತೆ ಹಿಡಿದುಕೊಂಡವು, ಮನೆಗೆ ಬಂದವಳು ಮರುದಿನ ಹಬ್ಬದ ಅಡುಗೆಮನೆಗೆ ಕಾಲಿಡಲಿಲ್ಲ. ನಾವಿಬ್ಬರೂ ಅದನ್ನು ಕಾಯಿಲೆಯ ಸ್ವಭಾವವೆಂದೇ ಅಂದುಕೊಂಡಿದ್ದೆವು. ನೋಟ್‌ಬುಕ್ಕಿನ ವೇಳೆಗಳನ್ನು ಡ್ಯೂಟಿ ಚಾರ್ಟಿನ ಪಕ್ಕ ಇಟ್ಟು ನೋಡಿದ ದಿನ ನನಗೆ ಬೇರೆ ಅರ್ಥವಾಯಿತು.

ಇನ್ನು ಲೆಕ್ಕಕ್ಕೆ ಬರುತ್ತೇನೆ. ಮೂರು ಯಂತ್ರಗಳಿಗೆ ಒಬ್ಬ ತಂತ್ರಜ್ಞ ಎಂಬುದು ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಒಪ್ಪಿರುವ ಪ್ರಮಾಣ. ಆರು ಯಂತ್ರಕ್ಕೆ ಇಬ್ಬರು, ಘಟಕದಲ್ಲಿ ಮೂವರಿದ್ದಾರೆ, ಆದ್ದರಿಂದ ಬೇಕಾದುದಕ್ಕಿಂತ ಒಬ್ಬರು ಹೆಚ್ಚೇ ಇದ್ದಾರೆ ಎಂದು ಜಿಲ್ಲೆಯ ಕಚೇರಿಯಿಂದ ಪರಿಶೀಲನೆಗೆ ಬಂದಿದ್ದ ಅಧಿಕಾರಿಯೊಬ್ಬರು ನನ್ನೆದುರೇ ಹೇಳಿದರು. ತಪ್ಪು ಇರುವುದು ಇಲ್ಲಿಯೇ. ಆ ಪ್ರಮಾಣ ಹೇಳುವುದು ಯಾವುದೇ ಕ್ಷಣದಲ್ಲಿ ಯಂತ್ರಗಳ ನಡುವೆ ನಿಂತಿರಬೇಕಾದವರ ಸಂಖ್ಯೆಯನ್ನು. ಹಾಜರಿ ಪುಸ್ತಕದಲ್ಲಿರಬೇಕಾದ ಹೆಸರುಗಳ ಸಂಖ್ಯೆಯನ್ನಲ್ಲ. ಘಟಕ ಬೆಳಿಗ್ಗೆ ಆರಕ್ಕೆ ತೆರೆದು ರಾತ್ರಿ ಒಂಬತ್ತೂವರೆಗೆ ಮುಚ್ಚುತ್ತದೆ. ಅಂದರೆ ದಿನಕ್ಕೆ ಹದಿನೈದೂವರೆ ಗಂಟೆ, ವಾರಕ್ಕೆ 93 ಗಂಟೆ. ಸದಾ ಇಬ್ಬರು ಇರಬೇಕಾದರೆ ವಾರಕ್ಕೆ 186 ಗಂಟೆಗಳ ದುಡಿಮೆ ಬೇಕು. ಒಬ್ಬ ನೌಕರ ವಾರಕ್ಕೆ 48 ಗಂಟೆ ದುಡಿಯುತ್ತಾನೆ ಎಂದರೆ ಮೂವರಿಂದ ಸಿಗುವುದು 144. ಯಾರೂ ಒಂದು ದಿನವೂ ರಜೆ ಹಾಕದಿದ್ದರೂ ವಾರದಲ್ಲಿ 42 ಗಂಟೆ ಆರು ಯಂತ್ರಗಳ ನಡುವೆ ಒಬ್ಬರೇ ಇರುತ್ತಾರೆ. ಮೂವರಲ್ಲಿ ಒಬ್ಬರು ಜ್ವರ ಬಂದು ಮಲಗಿದರೆ ಉಳಿದಿಬ್ಬರಿಂದ ಸಿಗುವುದು 96 ಗಂಟೆ. ಘಟಕ ತೆರೆದಿರುವುದೇ 93 ಗಂಟೆ. ಹಾಗಾದಾಗ ವಾರಪೂರ್ತಿ, ಬೆಳಗಿನಿಂದ ರಾತ್ರಿಯವರೆಗೆ, ಹೆಚ್ಚುಕಡಿಮೆ ಪ್ರತಿ ಗಂಟೆಯೂ ಒಬ್ಬರೇ.

ಹಾಗಾದರೆ ಎಷ್ಟು ಜನ ಬೇಕು? 186ನ್ನು 48ರಿಂದ ಭಾಗಿಸಿದರೆ ನಾಲ್ಕಕ್ಕೆ ತುಸು ಕಡಿಮೆ. ಆದರೆ ಇದು ರಜೆಯೇ ಇಲ್ಲದ ಮನುಷ್ಯರ ಲೆಕ್ಕ. ವರ್ಷದಲ್ಲಿ ಭಾನುವಾರಗಳನ್ನು ಕಳೆದರೆ 313 ದಿನ. ಸಾಂದರ್ಭಿಕ ರಜೆ, ಗಳಿಕೆ ರಜೆ, ಕಾಯಿಲೆ, ಹಬ್ಬ, ತರಬೇತಿ ಎಲ್ಲ ಸೇರಿ ಒಬ್ಬರಿಗೆ ನಲವತ್ತು ದಿನ ಹಿಡಿದರೂ ಉಳಿಯುವುದು 273. ಆ ಪ್ರಮಾಣವನ್ನು ಸೇರಿಸಿದರೆ ನಾಲ್ಕೂವರೆಯ ಹತ್ತಿರ ಬರುತ್ತದೆ, ಅರ್ಧ ಮನುಷ್ಯನನ್ನು ನೇಮಿಸಲಾಗುವುದಿಲ್ಲವಾದ್ದರಿಂದ ಐವರು. ಡಿಪೋದಲ್ಲಿ ಇದಕ್ಕೆ ಯಾರೂ ಚರ್ಚೆ ಮಾಡುವುದಿಲ್ಲ. ಬಸ್ಸಿಗೊಬ್ಬ ಚಾಲಕ ಸಾಕು ಎಂದು ಹೇಳುವ ಡಿಪೋ ವ್ಯವಸ್ಥಾಪಕರನ್ನು ನಾನು ನನ್ನ ಸೇವಾವಧಿಯಲ್ಲಿ ಒಬ್ಬರನ್ನೂ ಕಾಣಲಿಲ್ಲ. ವಾರದ ರಜೆಯವರ ಜಾಗಕ್ಕೆ, ಕಾಯಿಲೆಯವರ ಜಾಗಕ್ಕೆ ಬದಲಿಯವರನ್ನು ಇಟ್ಟುಕೊಂಡೇ ಪಟ್ಟಿ ಆರಂಭವಾಗುತ್ತಿತ್ತು. ಶುಶ್ರೂಷಾಧಿಕಾರಿಗಳ ವಿಷಯದಲ್ಲೂ ಇದೇ ರೀತಿಯ ಲೆಕ್ಕ ಹಾಕಬೇಕು. ಅವರನ್ನು ಬೇರೆ ವಾರ್ಡಿಗೆ ಕಳಿಸಿದ ಪ್ರತಿ ಗಂಟೆಯನ್ನೂ ಡಯಾಲಿಸಿಸ್ ಘಟಕದಲ್ಲಿ ಇರಲಿಲ್ಲವೆಂದೇ ಬರೆಯಬೇಕು.

ಹೆಪಟೈಟಿಸ್ ಬಿ ಯಂತ್ರ ಈ ಲೆಕ್ಕವನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಆ ಕೋಣೆಯ ರೋಗಿಯನ್ನು ನೋಡಿಕೊಳ್ಳುವವರು ಅದೇ ಪಾಳಿಯಲ್ಲಿ ಸೋಂಕಿಲ್ಲದವರನ್ನು ಮುಟ್ಟಬಾರದು. ಒಬ್ಬರು ಅಲ್ಲಿಗೆ ಮೀಸಲಾದರೆ ಉಳಿದ ಐದು ಯಂತ್ರಗಳಿಗೆ ಇನ್ನೊಬ್ಬರೇ. ಒಬ್ಬರೇ ಇರುವ ದಿನ ಏನಾಗುತ್ತದೆ ಎಂದು ಓದುಗರೇ ಊಹಿಸಬಹುದು. ಎರಡು ಯಂತ್ರಗಳು ಒಟ್ಟಿಗೆ ಕೂಗಿಕೊಂಡಾಗ ಕೈಗವಸು ಬದಲಿಸಲು, ಕೈ ತೊಳೆಯಲು ಬೇಕಾದ ಅರ್ಧ ನಿಮಿಷವೇ ಮೊದಲು ಹೋಗುವುದು. ನಮ್ಮ ಘಟಕದ ತಂತ್ರಜ್ಞರು ಆ ಅರ್ಧ ನಿಮಿಷವನ್ನು ಬಿಟ್ಟುಕೊಡದೆ, ಅದಕ್ಕಾಗಿ ರೋಗಿಯ ಕಡೆಯವರಿಂದ ಬೈಗುಳ ತಿಂದದ್ದನ್ನೂ ನೋಡಿದ್ದೇನೆ.

ಎರಡು ಘಟನೆಗಳನ್ನು ಹೇಳುತ್ತೇನೆ. ಮೊದಲನೆಯದು ಚಳಿಗಾಲದ ಒಂದು ಬೆಳಿಗ್ಗೆ. ಪಕ್ಕದ ಹಾಸಿಗೆಯ ವೃದ್ಧರು ಚಳಿಯೆಂದು ಕಂಬಳಿಯನ್ನು ಕೈಯ ಮೇಲೂ ಎಳೆದುಕೊಂಡಿದ್ದರು. ಒಳಗೆ ರಕ್ತ ಮರಳಿಸುವ ಸೂಜಿ ಸ್ವಲ್ಪ ಜಾರಿತ್ತು. ಯಂತ್ರ ಕೂಗಲಿಲ್ಲ, ಸೂಜಿ ಜಾರಿದರೂ ಕೊಳವೆಯೊಳಗಿನ ಒತ್ತಡ ಹೆಚ್ಚು ಬದಲಾಗದಿದ್ದರೆ ಯಂತ್ರಕ್ಕೆ ಅದು ತಿಳಿಯದೆ ಹೋಗಬಹುದು ಎಂದು ಆಮೇಲೆ ಗೊತ್ತಾಯಿತು. ಕಂಬಳಿಯ ಅಂಚು ಕೆಂಪಾದುದನ್ನು ಕಂಡು ಶುಶ್ರೂಷಾಧಿಕಾರಿ ಓಡಿಬಂದು ಪಂಪು ನಿಲ್ಲಿಸಿದರು. ಪಂಪು ನಿಮಿಷಕ್ಕೆ 250 ಮಿಲಿಲೀಟರ್ ರಕ್ತವನ್ನು ಎಳೆಯುತ್ತಿರುತ್ತದೆ. ನಾಲ್ಕು ನಿಮಿಷ ಯಾರೂ ಆ ಕಡೆ ನೋಡದಿದ್ದರೆ ಒಂದು ಲೀಟರ್ ರಕ್ತ ಹಾಸಿಗೆಯಲ್ಲಿರುತ್ತದೆ. ಅಂದು ಪಾಳಿಯಲ್ಲಿ ಮೂವರು ಇದ್ದರು, ಒಬ್ಬರ ಕಣ್ಣಿಗೆ ಅದು ಬಿತ್ತು. ಫಿಸ್ಟುಲಾ ಇರುವ ಕೈ ಸದಾ ಕಾಣುವಂತಿರಬೇಕು ಎಂಬ ನಿಯಮ ಇರುವುದು ಇದಕ್ಕೇ. ಆ ಕೈಯನ್ನು ನೋಡಲು ಒಬ್ಬರು ಇರಬೇಕೆಂಬುದು ಆ ನಿಯಮದಲ್ಲಿ ಅಡಗಿರುವ ಮಾತು.

ಎರಡನೆಯದು 2024ರ ಬೇಸಿಗೆಯ ಕೊನೆಯಲ್ಲಿ. ಗಾಳಿಮಳೆಗೆ ವಿದ್ಯುತ್ ಹೋಯಿತು, ಜನರೇಟರ್ ಹತ್ತು ನಿಮಿಷದವರೆಗೆ ಹೊತ್ತಿಕೊಳ್ಳಲಿಲ್ಲ. ನಾಲ್ಕು ಯಂತ್ರಗಳ ಬ್ಯಾಟರಿ ಪಂಪನ್ನು ಓಡಿಸುತ್ತಿತ್ತು. ಹಳೆಯ ಎರಡು ಯಂತ್ರಗಳು ನಿಂತುಬಿಟ್ಟವು. ಆಗ ರೋಗಿಯ ದೇಹದಿಂದ ಹೊರಗೆ ಕೊಳವೆಗಳಲ್ಲಿ, ರಕ್ತವನ್ನು ಸೋಸುವ ಡಯಲೈಸರಿನಲ್ಲಿ ಕಾಲು ಲೀಟರಿನಷ್ಟು ರಕ್ತ ಇರುತ್ತದೆ. ಅದು ಹೆಪ್ಪುಗಟ್ಟುವ ಮೊದಲು ಪಂಪಿಗೆ ಹಿಡಿ ಹಾಕಿ ಕೈಯಿಂದ ತಿರುಗಿಸಿ ಮರಳಿಸಬೇಕು, ಗಾಳಿಗುಳ್ಳೆ ಹೋಗದಂತೆ ಕಣ್ಣಿಟ್ಟಿರಬೇಕು. ಒಂದು ಯಂತ್ರಕ್ಕೆ ಒಬ್ಬರು ಬೇಕೇಬೇಕು. ಅಂದು ಇದ್ದದ್ದು ಒಬ್ಬ ತಂತ್ರಜ್ಞ, ಒಬ್ಬ ಶುಶ್ರೂಷಾಧಿಕಾರಿ. ನಿಂತದ್ದೂ ಎರಡೇ ಯಂತ್ರ. ಮೊಬೈಲಿನ ಬೆಳಕನ್ನು ನಾನು ಹಿಡಿದುಕೊಂಡಿದ್ದೆ. ಮೂರನೆಯ ಯಂತ್ರವೂ ನಿಂತಿದ್ದರೆ ಏನು ಗತಿ ಎಂದು ಕೇಳಿದ್ದಕ್ಕೆ ಆ ತಂತ್ರಜ್ಞ ಹುಡುಗ, ‘ಸರ್, ಅದನ್ನು ಯೋಚಿಸಿದರೆ ನಾನು ನಾಳೆ ಕೆಲಸಕ್ಕೆ ಬರೋಕೆ ಆಗಲ್ಲ’ ಎಂದ. ಅವನ ಕೈ ಇನ್ನೂ ನಡುಗುತ್ತಿತ್ತು.

ಅಪಾಯದ ಮಾತು ಹೀಗಾದರೆ, ಜನ ಸಾಕಷ್ಟು ಇದ್ದ ದಿನಗಳಲ್ಲಿ ಏನು ಸಿಗುತ್ತದೆ ಎಂಬುದನ್ನೂ ಹೇಳಬೇಕು. ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಬರುವವರು ಎಳನೀರು ತರುತ್ತಾರೆ. ಮೂತ್ರಪಿಂಡ ಸೋತವರಿಗೆ ಅದರ ಪೊಟ್ಯಾಸಿಯಂ ವಿಷದಂತೆ. ಇದನ್ನು ಆಸ್ಪತ್ರೆಗಳಲ್ಲಿ ಎಲ್ಲರಿಗೂ ಹೇಳುತ್ತಾರೆ. ಆದರೆ ಸೊಪ್ಪು ತರಕಾರಿಗಳನ್ನು ಬೇಯಿಸಿ ನೀರು ಬಸಿದು ತಿನ್ನಿ ಎಂದು ಹೇಳಿದಾಗ ನನ್ನ ಪತ್ನಿ ತಲೆಯಾಡಿಸಿ ಮನೆಗೆ ಬಂದು ಬಸ್ಸಾರು ಮಾಡುತ್ತಿದ್ದಳು. ಬಸಿದಿದ್ದಾಳೆ, ನಿಜ, ಆದರೆ ಬಸಿದ ಕಟ್ಟಿನಲ್ಲೇ ಸಾರು ಮಾಡಿ ಮುದ್ದೆ ನುಂಗುತ್ತಿದ್ದಳು. ಖಾಸಗಿ ಆಸ್ಪತ್ರೆಯ ಅಚ್ಚುಹಾಕಿಸಿದ ಆಹಾರ ಪಟ್ಟಿಗೆ ಇದು ಗೊತ್ತಿರಲಿಲ್ಲ. ಇಲ್ಲಿನ ಶುಶ್ರೂಷಾಧಿಕಾರಿ ನಮ್ಮ ತಾಲ್ಲೂಕಿನವರೇ. ಬಿಡುವಿದ್ದ ಒಂದು ದಿನ ಹಾಸಿಗೆಯ ಪಕ್ಕ ಕುಳಿತು, ನಿನ್ನೆ ರಾತ್ರಿ ಏನು ಊಟ, ಹೇಗೆ ಮಾಡಿದಿರಿ ಎಂದು ಒಂದೊಂದಾಗಿ ಕೇಳುತ್ತಾ ಹೋದವರು, ‘ಅಮ್ಮಾ, ನೀವು ಪಲ್ಯ ತಿನ್ನಿ, ಕಟ್ಟನ್ನು ಮನೆಯವರಿಗೆ ಬಿಡಿ’ ಎಂದರು. ಮುಂದಿನ ತಿಂಗಳ ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ ಇಳಿದಿತ್ತು. ಆ ಹತ್ತು ನಿಮಿಷದ ಮಾತು ಯಾವ ವರದಿಯಲ್ಲೂ ಬರುವುದಿಲ್ಲ. ಶನಿವಾರ ಭಾನುವಾರ ಎರಡು ದಿನದ ಬಿಡುವಿನಲ್ಲಿ ಪೊಟ್ಯಾಸಿಯಂ ಏರಿ ಸೋಮವಾರ ಬೆಳಗಾಗುವುದರೊಳಗೆ ಹೃದಯ ನಿಂತವರ ಸುದ್ದಿಯನ್ನು ಆ ಬೆಂಚಿನ ಮೇಲೆ ಕೇಳಿದವರಿಗೆ ಅದರ ಬೆಲೆ ಗೊತ್ತು.

2024ರಲ್ಲಿ ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ ಒಮ್ಮೆ ಮಾತ್ರ ಬಳಸುವ ಡಯಲೈಸರ್ ಪದ್ಧತಿ ಬರತೊಡಗಿತು. ಸೋಂಕಿನ ದೃಷ್ಟಿಯಿಂದ ಇದು ದೊಡ್ಡ ಹೆಜ್ಜೆ ಎಂದು ಎಲ್ಲರೂ ಹೇಳಿದರು, ಅದು ಸರಿ. ಆದರೆ ನನಗೆ ಕಂಡ ಲಾಭ ಇನ್ನೊಂದು. ಅದಕ್ಕೆ ಮೊದಲು ಪ್ರತಿ ರೋಗಿಯ ಡಯಲೈಸರನ್ನು ತೊಳೆದು, ಸೋಂಕುನಿವಾರಕ ತುಂಬಿ, ಹೆಸರು ಬರೆದು ಇಡಬೇಕಾಗಿತ್ತು, ಮುಂದಿನ ಸಲ ಆ ದ್ರಾವಣದ ಅಂಶ ಒಂದಿಷ್ಟೂ ಉಳಿದಿಲ್ಲವೆಂದು ಪರೀಕ್ಷಿಸಬೇಕಾಗಿತ್ತು. ದಿನಕ್ಕೆ ಹದಿನೆಂಟು ಡಯಲೈಸರ್‌ಗಳು. ಮೂವರಲ್ಲಿ ಒಬ್ಬರ ದಿನದ ಬಹುಭಾಗ ತೊಳೆಯುವ ಕೋಣೆಯಲ್ಲೇ ಕಳೆಯುತ್ತಿತ್ತು. ಹೊಸ ಪದ್ಧತಿ ನಮ್ಮ ಘಟಕಕ್ಕೆ ಬಂದ ಮೇಲೆ ಆ ಕೈಗಳು ರೋಗಿಯ ಹಾಸಿಗೆಯ ಬಳಿಗೆ ಬಂದವು. ಹೊಸ ನೇಮಕವಿಲ್ಲದೆಯೇ ಪಾಳಿಯ ಆರಂಭ ಬೇಗವಾಯಿತು. ಸಿಬ್ಬಂದಿ ಯೋಜನೆ ಎಂದರೆ ನೇಮಕಾತಿ ಒಂದೇ ಅಲ್ಲ, ಇರುವವರ ಗಂಟೆಗಳು ಎಲ್ಲಿ ಖರ್ಚಾಗುತ್ತಿವೆ ಎಂದು ನೋಡುವುದೂ ಹೌದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಇಂದಿಗೂ ನಮ್ಮ ತಂತ್ರಜ್ಞರು ಉಗ್ರಾಣದಿಂದ ದ್ರಾವಣದ ಕ್ಯಾನುಗಳನ್ನು ಹೊತ್ತು ತರುತ್ತಾರೆ, ಒಂದೇ ವಿವರವನ್ನು ಮೂರು ರಿಜಿಸ್ಟರುಗಳಲ್ಲಿ ಬರೆದು ಮತ್ತೆ ಕಂಪ್ಯೂಟರಿಗೆ ತುಂಬುತ್ತಾರೆ. ಇನ್ನೊಬ್ಬ ಗ್ರೂಪ್ ಡಿ ನೌಕರ ಮತ್ತು ದಿನಕ್ಕೆ ಎರಡು ಗಂಟೆಯ ಗುಮಾಸ್ತರ ನೆರವು ಸಿಕ್ಕರೆ ಆ ಸಮಯವೂ ಹಾಸಿಗೆಯ ಬಳಿಗೆ ಬರುತ್ತದೆ.

ಇದ್ದವರು ಉಳಿಯದಿರುವುದು ಇನ್ನೊಂದು ನೋವು. ತಂತ್ರಜ್ಞರು ಆಸ್ಪತ್ರೆಯ ನೌಕರರಲ್ಲ, ಹೊರಗುತ್ತಿಗೆಯ ಸಂಸ್ಥೆಯ ಮೂಲಕ ಬಂದವರು. ನಾನು ಕಂಡ ಅವಧಿಯಲ್ಲೇ ಒಮ್ಮೆ ಮೂರು ತಿಂಗಳ ಸಂಬಳ ತಡವಾಯಿತು. ಮೊದಲ ದಿನ ನನ್ನ ಪತ್ನಿಗೆ ಸೂಜಿ ಹಾಕಿದ ಯುವತಿ ಬೆಂಗಳೂರಿನ ಖಾಸಗಿ ಆಸ್ಪತ್ರೆಗೆ ಹೋದರು, ಇನ್ನೊಬ್ಬರು ಗಲ್ಫ್‌ಗೆ. ಅವರ ಜಾಗಕ್ಕೆ ಹೊಸಬರು ಬಂದಾಗ ಹಾಜರಿ ಪುಸ್ತಕದಲ್ಲಿ ಸಂಖ್ಯೆ ಸರಿಯಾಯಿತು. ಆದರೆ ಯಾವ ರೋಗಿಯ ಫಿಸ್ಟುಲಾ ಯಾವ ಕಡೆ ತಿರುಗಿದೆ, ಯಾರಿಗೆ ಮೂರನೇ ಗಂಟೆಯಲ್ಲಿ ರಕ್ತದೊತ್ತಡ ಬೀಳುತ್ತದೆ, ಯಾರು ಕುಡಿದ ನೀರಿನ ಬಗ್ಗೆ ಸುಳ್ಳು ಹೇಳುತ್ತಾರೆ ಎಂಬುದೆಲ್ಲ ಹೋದವರ ಜತೆಗೇ ಹೋಯಿತು. ಹೊಸಬರು ಒಂಟಿಯಾಗಿ ಪಾಳಿ ನಿಭಾಯಿಸುವಂತಾಗಲು ಕೆಲವು ವಾರಗಳೇ ಬೇಕಾದವು, ಮತ್ತು ಅಷ್ಟು ದಿನವೂ ಅವರಿಗೆ ಕಲಿಸುವ ಕೆಲಸ ಉಳಿದವರ ಗಂಟೆಗಳಿಂದಲೇ ಕಳೆಯಿತು. ಸಂಬಳವನ್ನು ತಿಂಗಳ ಮೊದಲ ವಾರದಲ್ಲಿ ಕೊಡುವುದು ಗುತ್ತಿಗೆಯ ಷರತ್ತುಗಳಲ್ಲಿ ಎಲ್ಲಕ್ಕಿಂತ ಮೇಲೆ ಇರಬೇಕಾದದ್ದು ಎಂದು ನಾನು ನಂಬಿದ್ದೇನೆ.

ಈ ಲೆಕ್ಕವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ನೋಟ್‌ಬುಕ್ಕಿನ ಆರು ತಿಂಗಳ ವೇಳೆಗಳ ಪ್ರತಿಯನ್ನು ಜೋಡಿಸಿ, ಹದಿನೇಳು ಕುಟುಂಬಗಳ ಸಹಿಯೊಂದಿಗೆ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಕೊಟ್ಟೆವು. ದೂರು ಎಂದು ಬರೆಯಲಿಲ್ಲ, ಪಾಳಿ ಪಟ್ಟಿಯ ಬಗ್ಗೆ ಸಲಹೆ ಎಂದು ಬರೆದೆವು. ಆಡಳಿತ ವೈದ್ಯಾಧಿಕಾರಿ ಅದನ್ನು ಪೂರ್ತಿ ಓದಿದರು, ಎರಡು ಅಂಶಗಳನ್ನು ಆ ವಾರವೇ ಜಾರಿಗೆ ತಂದರು. ಮೊದಲನೆಯದು, ಆರೂ ರೋಗಿಗಳನ್ನು ಒಂದೇ ವೇಳೆಗೆ ಬರಹೇಳುವ ಬದಲು ಇಪ್ಪತ್ತು ನಿಮಿಷದ ಅಂತರದಲ್ಲಿ ಇಬ್ಬಿಬ್ಬರಂತೆ ಬರಹೇಳುವುದು ಮತ್ತು ಪ್ರತಿಯೊಬ್ಬರ ನಾಲ್ಕು ಗಂಟೆಯನ್ನು ಅವರವರ ಆರಂಭದಿಂದಲೇ ಎಣಿಸುವುದು. ಎರಡನೆಯದು, ಪಾಳಿಯ ಮೊದಲ ಒಂದೂವರೆ ಗಂಟೆ ಮತ್ತು ಬಿಡಿಸುವ ವೇಳೆಯಲ್ಲಿ ಶುಶ್ರೂಷಾಧಿಕಾರಿಯನ್ನು ಯಾವ ಕಾರಣಕ್ಕೂ ಬೇರೆ ವಾರ್ಡಿಗೆ ಕಳಿಸದಿರುವುದು. ಕೆಲವು ತಿಂಗಳ ನಂತರ ನಾಲ್ಕನೆಯ ತಂತ್ರಜ್ಞರೂ ಬಂದರು. ನಾಲ್ವರಿಂದ ಸಿಗುವುದು 192 ಗಂಟೆ, ಬೇಕಾದುದು 186. ಯಾರೂ ರಜೆ ಹಾಕದ ವಾರಗಳಲ್ಲಿ ಘಟಕ ನಡೆಯುವ ರೀತಿಯನ್ನು ನೋಡಿದರೆ ಕಣ್ತುಂಬಿ ಬರುತ್ತದೆ. ಕಳೆದ ಮೂರು ತಿಂಗಳಲ್ಲಿ ನನ್ನ ಪತ್ನಿಗೆ ನಾಲ್ಕು ಗಂಟೆಗಿಂತ ಕಡಿಮೆಯಾದದ್ದು ಎರಡೇ ಸಲ. ಅವಳು ಈಗ ಡಯಾಲಿಸಿಸ್ ಮುಗಿಸಿ ಬಂದ ಸಂಜೆಯೇ ಹಿತ್ತಲಿನ ಕನಕಾಂಬರ ಬಿಡಿಸುತ್ತಾಳೆ.

ಆದ್ದರಿಂದ ನನ್ನ ಅಭಿಪ್ರಾಯ ಕೇಳುವವರಿಗೆ, ಸರ್ಕಾರಿ ತಾಲ್ಲೂಕು ಘಟಕವನ್ನು ನಿಸ್ಸಂಕೋಚವಾಗಿ ಆರಿಸಿಕೊಳ್ಳಿ ಎಂದೇ ಹೇಳುತ್ತೇನೆ, ಆದರೆ ಸೇರುವ ಮೊದಲು ಒಂದು ದಿನ ಬೆಳಿಗ್ಗೆ ಏಳಕ್ಕೆ ಮತ್ತು ಹನ್ನೊಂದಕ್ಕೆ ಹೋಗಿ ನೋಡಿ. ಯಂತ್ರಗಳನ್ನು ಎಣಿಸಬೇಡಿ, ಅವುಗಳ ನಡುವೆ ನಿಂತಿರುವವರನ್ನು ಎಣಿಸಿ. ಒಬ್ಬರು ರಜೆ ಹಾಕಿದರೆ ಯಾರು ಬರುತ್ತಾರೆ ಎಂದು ಕೇಳಿ. ವಾರಕ್ಕೆ ಮೂರು ಸಲ ಎಂದು ಬರೆದುಕೊಟ್ಟಿದ್ದರೂ ಜಾಗವಿಲ್ಲವೆಂದು ಎರಡಕ್ಕೆ ಇಳಿಸುತ್ತಾರೆಯೇ ಎಂದು ಹಳೆಯ ರೋಗಿಗಳಲ್ಲಿ ವಿಚಾರಿಸಿ. ಸೇರಿದ ಮೇಲೆ ಪಂಪು ಆರಂಭವಾದ ಮತ್ತು ನಿಂತ ವೇಳೆಯನ್ನು ನೀವೂ ಬರೆದಿಡಿ. ನಮ್ಮ ಘಟಕದಲ್ಲಿ ಇದನ್ನು ಯಾರೂ ತಪ್ಪು ತಿಳಿಯಲಿಲ್ಲ, ಒಬ್ಬ ತಂತ್ರಜ್ಞರು ನನ್ನ ನೋಟ್‌ಬುಕ್ಕಿನ ಪ್ರತಿಯೊಂದನ್ನು ತಮಗೂ ಬೇಕೆಂದು ಕೇಳಿ ಪಡೆದರು.

ನಾಲ್ವರು ತಂತ್ರಜ್ಞರಲ್ಲಿ ಒಬ್ಬರು ಈಗ ಎಂಟು ತಿಂಗಳ ಗರ್ಭಿಣಿ. ಕಳೆದ ಶುಕ್ರವಾರ ಮೊದಲ ಪಾಳಿಯ ಹೆಂಗಸರೆಲ್ಲ ಸೇರಿ ಘಟಕದ ಹೊರಗಿನ ಹಜಾರದಲ್ಲಿ ಅವರಿಗೆ ಹಸಿರು ಬಳೆ ತೊಡಿಸಿ ಮಡಿಲು ತುಂಬಿದರು. ನನ್ನ ಪತ್ನಿ ಫಿಸ್ಟುಲಾ ಇಲ್ಲದ ಬಲಗೈಯಿಂದ ಕುಂಕುಮ ಇಟ್ಟಳು. ಮುಂದಿನ ತಿಂಗಳ ಮಧ್ಯದಿಂದ ಅವರಿಗೆ ಕಾನೂನಿನಂತೆ 26 ವಾರಗಳ ಹೆರಿಗೆ ರಜೆ. ಆ ದಿನಾಂಕ ಘಟಕದಲ್ಲಿ ಎಲ್ಲರಿಗೂ ಐದು ತಿಂಗಳ ಹಿಂದೆಯೇ ಗೊತ್ತಿತ್ತು. ಅವರ ಬದಲಿಗೆ ಒಬ್ಬರನ್ನು ಕೊಡುವಂತೆ ಆಸ್ಪತ್ರೆ ಕಳಿಸಿದ ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ. ಹೊಸಬರು ಇಂದೇ ಬಂದರೂ ಕೆಲಸ ಕಲಿಯಲು ಉಳಿದಿರುವುದು ಮೂರೂವರೆ ವಾರ. ಬರದಿದ್ದರೆ ಮೂವರು, 144 ಗಂಟೆ. ನಾನು ನೋಟ್‌ಬುಕ್ಕಿಗೆ ಹೊಸ ಹಾಳೆಗಳನ್ನು ಹೊಲಿಸಿಟ್ಟಿದ್ದೇನೆ.